ಅಂಗಿಯ ಬೆಲೆಯಲ್ಲಿ ಕೂಲಿ ಎಷ್ಟು?

ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಕೂಲಿಯ ಬಾಬತ್ತನ್ನು ಬೇರೆಯಾಗಿ ಬರೆಯುತ್ತೇವೆ. ಸ್ವೀಡನ್ನಿನ ಎಚ್ ಆ್ಯಂಡ್ ಎಂ ಅಂಗಿಯ ಚೀಟಿಯಲ್ಲಿ ಅದಿಲ್ಲ. ಅದಕ್ಕೆ ಹೊಲಿಯುತ್ತಿದ್ದ ಶ್ರೀರಂಗಪಟ್ಟಣದ ಕಾರ್ಖಾನೆ 2020ರ ಜೂನ್‌ನಲ್ಲಿ ಮುಚ್ಚಿತು. ಕಾರ್ಮಿಕ ಸಂಘವಿದ್ದ ಘಟಕವದು! 1,200ಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಹೆಣ್ಣುಮಕ್ಕಳು, ಕೆಲಸ ಕಳೆದುಕೊಂಡು ಧರಣಿ ಕೂತರು. ಅದೇ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ರಾಜ್ಯದ ಲಕ್ಷಾಂತರ ಗಾರ್ಮೆಂಟ್ ಕಾರ್ಮಿಕರಿಗೆ ಹೊತ್ತಿಗೆ ಸಿಗಲಿಲ್ಲ. ಕಾರ್ಖಾನೆ ಬ್ರ್ಯಾಂಡಿನದಲ್ಲ, ಲಾಭ ಮಾತ್ರ ಅದರದು.

ನಮ್ಮ ಕಲ್ಲೂರು, ಮಾನ್ವಿ, ದೇವದುರ್ಗದ ಹತ್ತಿ ಯಾರ ಅಂಗಿಯಾಗುತ್ತದೋ ಬೆಳೆದವನಿಗೂ ತಿಳಿಯದು. ನೂಲುವ ಕಾಯಕದ ಕದಿರೆ ರೆಮ್ಮವ್ವೆಯನ್ನು ವೇದಿಕೆಯಲ್ಲಿ ಕೊಂಡಾಡುವ ನಾವು, ಹೊಲಿದವಳ ಕೂಲಿ ಕೇಳದೆ ಬ್ರ್ಯಾಂಡಿನ ಅಂಗಿ ತೊಟ್ಟೇ ಮಠಕ್ಕೆ ಬರುತ್ತೇವೆ. ಅಂಗಿ ಕೊಳ್ಳುವಾಗ ಇನ್ನು ಅಂಗಡಿಯವರನ್ನೇ ಕೇಳೋಣ: ಹೊಲಿದವಳಿಗೆ ಎಷ್ಟು ಕೊಟ್ಟಿರಿ?