ಪೂರ್ವಜನ್ಮದ ಲೆಕ್ಕಪುಸ್ತಕ ನಿಮ್ಮ ಹತ್ತಿರ ಇದೆಯಾ ಸ್ವಾಮೀ?

"ಎಲ್ಲಾ ಅವರವರ ಕರ್ಮ."

ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ತೀರ್ಪು ಕೊಡುವ ವಾಕ್ಯ ಕನ್ನಡದಲ್ಲಿ ಇನ್ನೊಂದಿಲ್ಲ. ಮೂರೇ ಪದ. ಹೇಳುವವರು ಕೈಯಲ್ಲಿರೋ ಕಾಫಿ ಲೋಟವನ್ನೂ ಕೆಳಗಿಡಬೇಕಾಗಿಲ್ಲ. ಒಬ್ಬ ಮನುಷ್ಯನ ಇಡೀ ಬದುಕಿನ ನೋವು ವಿಚಾರಣೆ ಇಲ್ಲದೆ, ಸಾಕ್ಷಿ ಇಲ್ಲದೆ, ವಕೀಲರಿಲ್ಲದೆ ಇತ್ಯರ್ಥ ಆಗಿಬಿಡುತ್ತೆ. ಇವತ್ತಿನ ನನ್ನ ಜಗಳ ಈ ವಾಕ್ಯದ ಜೊತೆ.

"ಓಹೋ, ಇನ್ನೊಬ್ಬ ಬುದ್ಧಿಜೀವಿ ಹುಟ್ಟಿಕೊಂಡ" ಅಂತ ಶುರು ಮಾಡುವ ಮೊದಲು ಒಂದು ಮಾತು. ದೇವರು ಇದ್ದಾನೋ ಇಲ್ಲವೋ ಅನ್ನೋದು ಇಲ್ಲಿಯ ವಿಷಯ ಅಲ್ಲ. ಪುನರ್ಜನ್ಮ ಇದೆಯೋ ಇಲ್ಲವೋ ಅನ್ನೋದೂ ಅಲ್ಲ. ಹಬ್ಬದ ದಿನ ಹೋಳಿಗೆ ತಿನ್ನೋದರಲ್ಲಿ ನಾನು ಯಾವ ಆಸ್ತಿಕನಿಗೂ ಕಮ್ಮಿಯಿಲ್ಲ :) ನನ್ನ ಪ್ರಶ್ನೆ ಇಷ್ಟೇ: ಇನ್ನೊಬ್ಬರ ನೋವಿಗೆ ಅವರ ಹಿಂದಿನ ಜನ್ಮವೇ ಕಾರಣ ಅಂತ ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಇದು ಹೊತ್ತು ಕಳೆಯೋಕೆ ಹುಟ್ಟಿದ ಪ್ರಶ್ನೆ ಅಲ್ಲ. ನನ್ನ ಚಿಕ್ಕಮ್ಮನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಈಗ ಅವನಿಗೆ ಹನ್ನೊಂದು ವರ್ಷ. ಅವನು ಚಿಕ್ಕವನಿದ್ದಾಗ ಮನೆಗೆ ಬಂದವರೆಲ್ಲ ತಟ್ಟೆಯಲ್ಲಿ ಕೊಟ್ಟ ಚಕ್ಕುಲಿ ಮುರಿಯುತ್ತಾ "ಯಾವ ಜನ್ಮದ ಪಾಪವೋ ಏನೋ" ಅಂದು ಹೋದರು. ಯಾರ ಪಾಪ ಅನ್ನೋದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಕೆಲವರ ಪ್ರಕಾರ ಮಗುವಿನದು, ಕೆಲವರ ಪ್ರಕಾರ ತಾಯಿಯದು. ತಂದೆಯದು ಅಂದವರು ಒಬ್ಬರೂ ನನಗೆ ಸಿಕ್ಕಿಲ್ಲ, ಗಮನಿಸಿ! ಜಾತಕ, ನಾಗದೋಷ, ಶಾಂತಿ ಅಂತ ಒಂದೂವರೆ ವರ್ಷ ಕಳೆಯಿತು. ಫಿಸಿಯೋಥೆರಪಿ ಶುರುವಾಗಿದ್ದು ಅದರ ನಂತರ. "ಸ್ವಲ್ಪ ಮುಂಚೆ ಬಂದಿದ್ದರೆ ಚೆನ್ನಾಗಿತ್ತು" ಅಂದರಂತೆ ಥೆರಪಿಸ್ಟ್. ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೂ ಚಿಕ್ಕಮ್ಮ ಈಗ ಹೋಗೋದಿಲ್ಲ. ಕೇಳಿದರೆ "ಅವನನ್ನ ಬಿಟ್ಟು ಬರೋಕಾಗಲ್ಲ ಕಣೋ" ಅಂತಾರೆ. ನಿಜವಾದ ಕಾರಣ ನಮ್ಮಿಬ್ಬರಿಗೂ ಗೊತ್ತು.

ಮೊದಲು ಸಾದಾ ತರ್ಕ ನೋಡೋಣ. ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವು ಕಾರಣ ಹುಡುಕಿ ವರದಿ ಬರೀಬೇಕು. ಅದರಲ್ಲಿ ನಾನು ಹೀಗೆ ಬರೆದೆ ಅಂದುಕೊಳ್ಳಿ: "ಹಿಂದಿನ ಯಾವುದೋ ವರ್ಷನ್ನಿನಲ್ಲಿ ಯಾರೋ ಏನೋ ತಪ್ಪು ಮಾಡಿದ್ದಾರೆ. ಯಾವ ವರ್ಷನ್, ಯಾರು, ಏನು ಅಂತ ಗೊತ್ತಿಲ್ಲ. ಲಾಗ್ ಇಲ್ಲ. ತಪ್ಪು ಆಗಿತ್ತು ಅನ್ನೋದಕ್ಕೆ ಸರ್ವರ್ ಬಿದ್ದಿರೋದೇ ಸಾಕ್ಷಿ." ಮ್ಯಾನೇಜರ್ ನನ್ನನ್ನ ಎಲ್ಲಿಗೆ ಕಳಿಸುತ್ತಾರೆ ಅಂತ ಹೇಳಬೇಕಾಗಿಲ್ಲ. ಒಂದು ಸರ್ವರಿನ ವಿಷಯದಲ್ಲಿ ಒಪ್ಪದ ವಿವರಣೆಯನ್ನ ಒಂದು ಮಗುವಿನ ವಿಷಯದಲ್ಲಿ ತಲೆ ಆಡಿಸಿ ಒಪ್ಪುತ್ತೇವೆ!

"ನಿಂಗೆ ಶಾಸ್ತ್ರ ಗೊತ್ತಿಲ್ಲ, ಸುಮ್ನಿರು" ಅನ್ನುವವರಿಗೆ: ಶಾಸ್ತ್ರದ ವಾದ ಪಕ್ಕದ ಮನೆಯವರ ವಾದಕ್ಕಿಂತ ಎಷ್ಟೋ ಗಟ್ಟಿ ಅಂತ ನಾನೂ ಒಪ್ಪುತ್ತೇನೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಈ ಚರ್ಚೆ ಬರುತ್ತೆ. ಒಬ್ಬ ಸುಖಿ, ಇನ್ನೊಬ್ಬ ದುಃಖಿ ಆದರೆ ಸೃಷ್ಟಿ ಮಾಡಿದ ದೇವರು ಪಕ್ಷಪಾತಿ, ನಿರ್ದಯಿ ಆಗಲಿಲ್ಲವೇ? ಶಂಕರರ ಭಾಷ್ಯ ಕೊಡುವ ಉತ್ತರ ಹೆಚ್ಚುಕಡಿಮೆ ಹೀಗೆ: ದೇವರು ಮಳೆಯ ಹಾಗೆ. ಮಳೆ ಎಲ್ಲ ಬೀಜಕ್ಕೂ ಒಂದೇ ಥರ ಸುರಿಯುತ್ತೆ, ಭತ್ತ ಭತ್ತವಾಗೋದು, ರಾಗಿ ರಾಗಿಯಾಗೋದು ಬೀಜದಿಂದ. ಆ ಬೀಜವೇ ಜೀವಿಯ ಕರ್ಮ. ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ ಹಿಂದಿನ ಕರ್ಮ ಎಲ್ಲಿತ್ತು? ಆ ಪ್ರಶ್ನೆಯನ್ನೂ ಅವರೇ ಎತ್ತುತ್ತಾರೆ. ಉತ್ತರ: ಸಂಸಾರಕ್ಕೆ ಮೊದಲು ಅನ್ನೋದೇ ಇಲ್ಲ, ಅದು ಅನಾದಿ.

ಪ್ರೋಗ್ರಾಂ ಬರೆಯುವವರಿಗೆ ತಕ್ಷಣ ಹೊಳೆಯುತ್ತೆ, ಇದು ಬೇಸ್ ಕೇಸ್ ಇಲ್ಲದ ರಿಕರ್ಷನ್. "ಯಾಕೆ" ಅಂತ ಕೇಳಿದರೆ ಪ್ರಶ್ನೆ ಒಂದು ಜನ್ಮ ಹಿಂದಕ್ಕೆ ಹೋಗುತ್ತೆ, ಅಲ್ಲಿ ಕೇಳಿದರೆ ಇನ್ನೊಂದು ಜನ್ಮ ಹಿಂದಕ್ಕೆ. ಅದೇನೇ ಇರಲಿ, ನನ್ನ ಪಾಯಿಂಟು ಬೇರೆ. ಅಲ್ಲಿ ಆರೋಪಿಯ ಕಟಕಟೆಯಲ್ಲಿ ನಿಂತಿರೋದು ದೇವರು. ಕರ್ಮದ ವಾದ ಬಂದಿರೋದು ದೇವರನ್ನ ಬಿಡಿಸೋಕೆ. ಪಕ್ಕದ ಮನೆಯ ತಾಯಿಯನ್ನ ಆ ಕಟಕಟೆಗೆ ಹತ್ತಿಸಿ ಅಂತ ಯಾವ ಭಾಷ್ಯಕಾರರು ನಮಗೆ ಹೇಳಿದ್ದರು? ಕರ್ಮದ ಗತಿ ತಿಳಿಯೋಕೆ ಬಹಳ ಕಷ್ಟ ಅಂತ ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಸ್ವತಃ ಕೃಷ್ಣನೇ ಹೇಳುತ್ತಾನೆ. ಕೃಷ್ಣನಿಗೆ ಕಷ್ಟ ಅನ್ನಿಸಿದ್ದು ನಮ್ಮ ಜಗಲಿ ಕಟ್ಟೆಯ ಪಂಡಿತರಿಗೆ ಚಕ್ಕುಲಿ ಮುರಿಯುವಷ್ಟರಲ್ಲಿ ತಿಳಿದುಬಿಡುತ್ತೆ!

ಇನ್ನು ಬುದ್ಧ. ಕರ್ಮವನ್ನೂ ಪುನರ್ಜನ್ಮವನ್ನೂ ಬೋಧಿಸಿದವನು ಅವನು. ಸಂಯುತ್ತ ನಿಕಾಯದಲ್ಲಿ ಸೀವಕ ಅನ್ನುವ ಪರಿವ್ರಾಜಕ ಬಂದು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದ ಫಲ ಅಂತ ಕೆಲವರು ಹೇಳುತ್ತಾರಲ್ಲ, ನೀವೇನಂತೀರಿ? ಬುದ್ಧ ಒಪ್ಪುವುದಿಲ್ಲ. ನೋವು ಪಿತ್ತದಿಂದ ಬರಬಹುದು, ಕಫದಿಂದ, ವಾತದಿಂದ, ಮೂರೂ ಸೇರಿ ಕೆಟ್ಟಿದ್ದರಿಂದ, ಋತು ಬದಲಾಗಿದ್ದರಿಂದ, ಮೈಯನ್ನ ಸರಿಯಾಗಿ ನೋಡಿಕೊಳ್ಳದೆ ಇದ್ದದ್ದರಿಂದ, ಪೆಟ್ಟು ಬಿದ್ದದ್ದರಿಂದ ಬರಬಹುದು, ಕರ್ಮದಿಂದಲೂ ಬರಬಹುದು ಅಂತ ಎಂಟು ಕಾರಣ ಎಣಿಸುತ್ತಾನೆ. ಎಂಟರಲ್ಲಿ ಒಂದು ಕರ್ಮ. ಎಲ್ಲದಕ್ಕೂ ಅದೊಂದೇ ಕಾರಣ ಅನ್ನುವವರು ತಮಗೆ ಗೊತ್ತಿರೋದನ್ನ ಮೀರಿ ಮಾತಾಡುತ್ತಿದ್ದಾರೆ ಅನ್ನೋದು ಅವನ ಆಕ್ಷೇಪ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಸ್ವಾಮಿ ಇದು. ನಾವು ಏಳು ಕಾರಣ ಕಳೆದುಕೊಂಡು ಒಂದನ್ನ ಮಾತ್ರ ಉಳಿಸಿಕೊಂಡಿದ್ದೇವೆ.

ಈ ವಾದದ ಅಪಾಯ ಗೊತ್ತಾಗಬೇಕಾದರೆ ಅದನ್ನ ಒಬ್ಬ ಒಳ್ಳೆಯ ಮನುಷ್ಯ ಒಳ್ಳೆಯ ಉದ್ದೇಶಕ್ಕೆ ಬಳಸಿದ್ದನ್ನ ನೋಡಬೇಕು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭಾರೀ ಭೂಕಂಪ ಆಯಿತು. ತೀವ್ರತೆ ಸುಮಾರು 8. ಮುಂಗೇರ್, ಮುಜಫ್ಫರ್‌ಪುರ ನೆಲಸಮ. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಆಗ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದರು. ಆ ಪ್ರವಾಸದಲ್ಲೇ ಫೆಬ್ರವರಿ ಕೊನೆಗೆ ನಮ್ಮ ಕೊಡಗಿಗೂ ಮಂಗಳೂರಿಗೂ ಬಂದರು. ತಮಿಳುನಾಡಿನಲ್ಲಿದ್ದಾಗ ಅವರು ಹೇಳಿದರು, ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ.

ರವೀಂದ್ರನಾಥ ಠಾಕೂರರು ಬೆಚ್ಚಿಬಿದ್ದರು. ಅಸ್ಪೃಶ್ಯತೆ ಪಾಪ ಅನ್ನೋದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಭೌತಿಕ ವಿಪತ್ತಿಗೆ ಭೌತಿಕ ಕಾರಣವೇ ಇರೋದು ಅಂತ ಠಾಕೂರರು ಬರೆದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಈ ಥರದ ತರ್ಕ ನಿಮಗಿಂತ ನಿಮ್ಮ ವಿರೋಧಿಗಳಿಗೇ ಚೆನ್ನಾಗಿ ಒಪ್ಪುತ್ತೆ, ಭೂಕಂಪಕ್ಕೆ ನೀವೂ ನಿಮ್ಮ ಅನುಯಾಯಿಗಳೂ ಕಾರಣ ಅಂತ ಅವರು ಹೇಳಿದ್ದರೂ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ ಅಂತ. ಗಾಂಧೀಜಿ ಆ ಟೀಕೆಯನ್ನ ತಮ್ಮ ಹರಿಜನ ಪತ್ರಿಕೆಯಲ್ಲೇ ಅಚ್ಚು ಹಾಕಿ, ಅದರ ಜೊತೆಗೇ ತಮ್ಮ ಉತ್ತರ ಬರೆದರು. ನಂಬಿಕೆ ಬಿಡಲಿಲ್ಲ. ಟೀಕೆಯನ್ನ ಮುಚ್ಚಿಡದ ಆ ದೊಡ್ಡತನ ಇವತ್ತು ಅಪರೂಪ. ಆದರೂ ನನ್ನ ಮತ ಠಾಕೂರರಿಗೆ. "ನಮ್ಮ" ಪಾಪ ಅಂದರು ಗಾಂಧೀಜಿ, ಬೇರೆಯವರದು ಅನ್ನಲಿಲ್ಲ, ನಿಜ. ಆದರೆ ಗೋಡೆ ಬಿದ್ದು ಸತ್ತ ಮುಂಗೇರಿನ ಮಕ್ಕಳು ಯಾರನ್ನ ಮುಟ್ಟಿಸಿಕೊಳ್ಳದೆ ದೂರ ಇಟ್ಟಿದ್ದರು? ದೂರ ಇಡಲ್ಪಟ್ಟವರ ಮಕ್ಕಳ ಕೆಳಗಿನ ನೆಲ ಮಾತ್ರ ನಡುಗದೆ ನಿಂತಿತ್ತೇ?

ಮತ್ತೆ ಯಾಕೆ ನಾವು ಇದನ್ನೇ ಹೇಳುತ್ತೇವೆ? ಇದು ಹಿಂದೂ ಧರ್ಮದ್ದೊಂದೇ ಸಮಸ್ಯೆ ಅಲ್ಲ, ಮನುಷ್ಯ ಸ್ವಭಾವದ್ದು. ಅಮೆರಿಕದ ಮನಃಶಾಸ್ತ್ರಜ್ಞ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಬ್ಬಾಕೆಗೆ ವಿದ್ಯುತ್ ಶಾಕ್ ಕೊಡುವುದನ್ನ ವಿದ್ಯಾರ್ಥಿನಿಯರು ನೋಡಬೇಕು. ಶಾಕ್ ನಾಟಕ, ನೋಡುವವರಿಗೆ ಅದು ಗೊತ್ತಿಲ್ಲ. ಆಕೆಯನ್ನ ಬಿಡಿಸುವ ಅವಕಾಶ ಸಿಕ್ಕಾಗ ಹೆಚ್ಚಿನವರು ಬಿಡಿಸಿದರು. ಬಿಡಿಸೋಕೆ ಆಗದೆ, ನೋವು ಮುಂದುವರಿಯುತ್ತೆ ಅಂತ ಗೊತ್ತಾದಾಗ ನೋಡುತ್ತಿದ್ದವರು ಆಕೆಯ ವ್ಯಕ್ತಿತ್ವಕ್ಕೇ ಕಡಿಮೆ ಅಂಕ ಕೊಡೋಕೆ ಶುರು ಮಾಡಿದರು. ತಪ್ಪಿಲ್ಲದವರಿಗೂ ಹೀಗಾಗಬಹುದು ಅಂದರೆ ನಾಳೆ ನನಗೂ ಆಗಬಹುದಲ್ಲ! ಆ ಭಯ ತಡೆಯೋಕಾಗದೆ "ಆಕೆಯಲ್ಲೇ ಏನೋ ಐಬು ಇರಬೇಕು" ಅಂತ ಮನಸ್ಸು ಸಮಾಧಾನ ಮಾಡಿಕೊಳ್ಳುತ್ತೆ. ಚಿಕ್ಕಮ್ಮನ ಮನೆಗೆ ಬಂದವರು ಕೆಟ್ಟವರೇನಲ್ಲ. ಹೆದರಿದ್ದರು. ಆ ಭಯದ ಬಿಲ್ಲನ್ನ ಚಿಕ್ಕಮ್ಮನ ಹೆಸರಿಗೆ ಬರೆದು ಎದ್ದು ಹೋದರು.

ಈಗ ಕಾಸರಗೋಡಿಗೆ ಬನ್ನಿ, ನಮ್ಮ ಕನ್ನಡದವರೇ ಇರುವ ಪಡ್ರೆ, ಎಣ್ಮಕಜೆಯ ಕಡೆಗೆ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿಯ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗೆ ಮನೆ, ಬಾವಿ, ತೋಡು, ಶಾಲೆ. ಅಂಗವೈಕಲ್ಯದ, ಬುದ್ಧಿ ಬೆಳೆಯದ ಮಕ್ಕಳು ಮನೆಮನೆಯಲ್ಲಿ ಕಾಣಿಸತೊಡಗಿದಾಗ ದೈವದ ಮುನಿಸು ಅಂತ ನಂಬಿದವರು ಊರಲ್ಲಿ ಕಡಿಮೆ ಇರಲಿಲ್ಲ. ಅಲ್ಲೇ ವೈದ್ಯರಾಗಿದ್ದ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳನ್ನ ನೋಡುತ್ತಾ ನೋಡುತ್ತಾ ಸಂಶಯಪಟ್ಟರು, ಪತ್ರಕರ್ತ ಶ್ರೀಪಡ್ರೆ ಬರೆದರು, ಊರಿನವರು ಕೋರ್ಟಿಗೆ ಹೋದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. "ಎಲ್ಲಾ ಅವರವರ ಕರ್ಮ" ಅಂತ ಇಡೀ ಊರು ಒಪ್ಪಿಕೊಂಡು ಕೂತಿದ್ದರೆ ಹೆಲಿಕಾಪ್ಟರ್ ಹಾರುತ್ತಲೇ ಇರುತ್ತಿತ್ತು. ಅಂಬೇಡ್ಕರ್ ಇದನ್ನ ಬಹಳ ಮುಂಚೆ ಕಂಡಿದ್ದರು. 1957ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾದ 'ದಿ ಬುದ್ಧ ಅಂಡ್ ಹಿಸ್ ಧಮ್ಮ'ದಲ್ಲಿ ಅವರು ಹೇಳುವುದರ ಸಾರ: ಬಡವರ, ಕೆಳಗಿಟ್ಟವರ ಸ್ಥಿತಿಗೆ ಪೂರ್ವಕರ್ಮವೇ ಕಾರಣ ಅನ್ನುವ ಸಿದ್ಧಾಂತದಿಂದ ಹೊಣೆ ತಪ್ಪಿಸಿಕೊಳ್ಳೋದು ಸರ್ಕಾರ ಮತ್ತು ಸಮಾಜ.

"ಆದರೆ ನೊಂದವರಿಗೆ ಇದರಿಂದ ಸಮಾಧಾನ ಸಿಗುತ್ತಲ್ಲ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ನನ್ನ ಅಜ್ಜಿ ತನ್ನ ಮಂಡಿನೋವಿಗೆ "ನನ್ನ ಕರ್ಮ ಕಣೋ" ಅಂದರೆ ನಾನು ವಾದಕ್ಕೆ ಇಳಿಯೋದಿಲ್ಲ, ಎಣ್ಣೆ ಹಚ್ಚುತ್ತೇನೆ. ತನ್ನ ನೋವಿಗೆ ಯಾವ ಅರ್ಥ ಕೊಟ್ಟುಕೊಳ್ಳಬೇಕು ಅನ್ನೋದು ನೊಂದವರ ಹಕ್ಕು. "ನನ್ನ ಕರ್ಮ" ಅನ್ನೋದು ಪ್ರಾರ್ಥನೆಯ ಥರ. "ಅವರ ಕರ್ಮ" ಅನ್ನೋದು ತೀರ್ಪು. ಎರಡಕ್ಕೂ ಒಂದೇ ಪದ ಇದೆ ಅಂತ ಎರಡೂ ಒಂದೇ ಆಗೋದಿಲ್ಲ.

"ಹಾಗಾದರೆ ನೋವಿಗೆ ಅರ್ಥವೇ ಇಲ್ಲವಾ?" ಕೆಲವು ನೋವಿಗೆ ಇಲ್ಲ ಅಂತಲೇ ನನ್ನ ನಂಬಿಕೆ. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಿದೆ, ಒಂದು ದಿನ ನೆಲ ಜಾರುತ್ತೆ, ಅದು ಯಾರ ಜಾತಕವನ್ನೂ ಓದೋದಿಲ್ಲ. ಇದನ್ನ ಒಪ್ಪೋದು ಕಷ್ಟ, ನನಗೂ ರಾತ್ರಿ ನಿದ್ದೆ ಬರದಿದ್ದಾಗ ಕಷ್ಟವೇ. ಆದರೆ ಇದನ್ನ ಒಪ್ಪಿದ ಮೇಲೆ ಮಾಡೋಕೆ ಕೆಲಸ ಸಿಗುತ್ತೆ: ಗಟ್ಟಿ ಗೋಡೆ ಕಟ್ಟಬಹುದು, ಹೆಲಿಕಾಪ್ಟರ್ ನಿಲ್ಲಿಸಬಹುದು, ಮಗುವನ್ನ ಬೇಗ ಥೆರಪಿಗೆ ಕರೆದುಕೊಂಡು ಹೋಗಬಹುದು. ಅಷ್ಟಕ್ಕೂ ಕರ್ಮ ಅಂದರೆ ಮೂಲದಲ್ಲಿ 'ಮಾಡುವುದು' ಅಂತ ತಾನೇ? ಎದುರಿಗೆ ಒಬ್ಬರು ನರಳುತ್ತಿರುವಾಗ ಲೆಕ್ಕಕ್ಕೆ ಬರೋದು ಅಲ್ಲಿ ನಿಂತು ನೋಡುತ್ತಿರುವ ನಮ್ಮ ಕರ್ಮ.

ಬ್ಲಾಗಿಗ ಮಿತ್ರರೇ, ನನ್ನನ್ನ ಬೈಯುವವರು ಧಾರಾಳವಾಗಿ ಬೈಯಿರಿ. ಅಳಿಸೋದಿಲ್ಲ. ಆದರೆ ಬೈಯುವ ಮುಂಚೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದುಬಿಡಿ: ಇನ್ನೊಬ್ಬರ ಬಗ್ಗೆ "ಅದು ಅವರ ಕರ್ಮ" ಅಂದ ಮೇಲೆ, ಕೂತ ಜಾಗದಿಂದ ಎದ್ದು ಅವರಿಗಾಗಿ ನೀವು ಏನಾದರೂ ಮಾಡಿದ್ದು ನೆನಪಿದೆಯಾ?