ಟ್ರಿಗರಿಗೆ ಅರ ಹಚ್ಚಬೇಡ್ರೋ ತಮ್ಮಾ!

ಸಿಂಧನೂರಿನ ಮಿಸ್ತ್ರಿಗೆ ಬಾರದ ರಿಪೇರಿ ಇಲ್ಲ ಅಂತಾರೆ. ಟ್ರ್ಯಾಕ್ಟರ್ ಕೆಟ್ಟರೂ ಅವನೇ, ಪಂಪ್‌ಸೆಟ್ ಕೈಕೊಟ್ಟರೂ ಅವನೇ. ಲಿಂಗಸುಗೂರು, ಮಸ್ಕಿಯಲ್ಲೂ ಇದೇ ಕಥೆ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಗೆ ಬಂದ ಯಂತ್ರಗಳು ಇಂಥವರ ಕೈಗುಣದಿಂದಲೇ ಓಡುತ್ತಿವೆ. ಶಹಭಾಸ್ ಅನ್ನಬೇಕಾದ್ದೇ.

ಆದರೆ ಅದೇ ಅರ ಸ್ಪರ್ಧೆಯ ಪಿಸ್ತೂಲಿನ ಮೇಲೆ ಬಿದ್ದರೆ? "ಮಾಮಾ, ಟ್ರಿಗರ್ ಬಾಳ ಬಿಗಿ ಐತಿ, ಒಂಚೂರು ತಿಕ್ಕಿ ಹಗುರ ಮಾಡಿಕೊಡು" ಎಂದು ಹುಡುಗ ಕೇಳಿದರೆ, "ಅದಕ್ಕೇನು ತಮ್ಮಾ, ಐದು ನಿಮಿಷದ ಕೆಲಸ" ಎಂದು ಮಿಸ್ತ್ರಿ ಅಂದರೆ, ಅಲ್ಲೇ ತಡೆಯಬೇಕು.

ಹುಡುಗನ ಕಷ್ಟ ಸುಳ್ಳಲ್ಲ. 10 ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಟ್ರಿಗರ್ ಬಿಗಿಯಾದರೆ ಬೆರಳು ಎಳೆಯುವಾಗ ಕೈ ಅಲುಗುತ್ತದೆ, ಗುರಿ ತಪ್ಪುತ್ತದೆ. ಹಾಗಂತ ಮನಸ್ಸಿಗೆ ಬಂದಷ್ಟು ಹಗುರ ಮಾಡುವಂತಿಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು; 25 ಮೀಟರ್ ಪಿಸ್ತೂಲಿನದು 1000 ಗ್ರಾಂ. ಕೊಳವೆ ನೆಟ್ಟಗೆ ಮೇಲಕ್ಕೆ ಮಾಡಿ, ಟ್ರಿಗರಿಗೆ ತೂಕ ಸಿಕ್ಕಿಸಿ ಎತ್ತುತ್ತಾರೆ. ತೂಕ ಏಳುವ ಮುಂಚೆ ಟ್ರಿಗರ್ ಬಿಟ್ಟುಕೊಂಡರೆ ಆ ಪಿಸ್ತೂಲು ನಾಪಾಸು. ಸ್ಪರ್ಧೆ ಮುಗಿದ ಮೇಲಿನ ತಪಾಸಣೆಯಲ್ಲಿ ಸಿಕ್ಕಿಬಿದ್ದರಂತೂ ಗಳಿಸಿದ ಅಂಕವೆಲ್ಲ ನೀರುಪಾಲು.

ಇನ್ನು ಅಪಾಯದ ಮಾತು. ಒಳಗಿನ ಸಣ್ಣ ಕೊಕ್ಕೆಯ ಹಿಡಿತದ ಮೇಲೆ ಎಲ್ಲವೂ ನಿಂತಿರುತ್ತದೆ. ಅನೇಕ ಕಡೆ ಅದರ ಮೇಲ್ಪದರ ಮಾತ್ರ ಹದಗೊಳಿಸಿದ ಗಟ್ಟಿ ಉಕ್ಕು. ಅರ ಹಚ್ಚಿದರೆ ಆ ಪದರ ಹೋಗಿ ಮೆತ್ತನೆಯ ಲೋಹ ಸವೆಯುತ್ತದೆ, ಕೋನ ಕೆಡುತ್ತದೆ. ಇವತ್ತು ಬೆಣ್ಣೆಯಂತೆ ನಡೆದದ್ದು ನಾಳೆ ಸಣ್ಣ ಪೆಟ್ಟು ತಗುಲಿದರೂ ತಾನೇ ಹಾರೀತು. ಎದುರಿಗಿದ್ದವನ ಕಣ್ಣು ಹೋದರೆ ಯಾರು ಕೊಡುತ್ತಾರೆ?

ಕಾನೂನೂ ಇದೆ ಸ್ವಾಮಿ. ಮದ್ದು ಸಿಡಿಯುವ ಪಿಸ್ತೂಲನ್ನು ಲೈಸೆನ್ಸ್ ಇಲ್ಲದ ಮಿಸ್ತ್ರಿ ರಿಪೇರಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಹುಡುಗನ ಜೊತೆ ಮಿಸ್ತ್ರಿಯೂ ಸ್ಟೇಷನ್ ಮೆಟ್ಟಿಲು ಹತ್ತಬೇಕಾದೀತು.

ಹಾಗಾದರೆ ದಾರಿ? ಸ್ಪರ್ಧೆಯ ಒಳ್ಳೆಯ ಪಿಸ್ತೂಲುಗಳಲ್ಲಿ ಟ್ರಿಗರಿನ ಭಾರ, ಓಟ ಹೊಂದಿಸಲು ಕಂಪನಿಯೇ ಸ್ಕ್ರೂ ಇಟ್ಟಿರುತ್ತದೆ. ಜೊತೆಗೆ ಬಂದ ಪುಸ್ತಕ ಓದಿ, ಬಲ್ಲವರ ಎದುರು ಕಾಲು ಸುತ್ತು ತಿರುಗಿಸಿ, ತೂಗಿ ನೋಡಿದರಾಯಿತು. ಗುಂಡಿಲ್ಲದ ಒಣ ಅಭ್ಯಾಸಕ್ಕೆ ಕಾಸೂ ಖರ್ಚಿಲ್ಲ. ಬೆರಳು ಪಳಗಿದರೆ ಅರ್ಧ ಬಿಗಿ ತಾನೇ ಇಳಿಯುತ್ತದೆ.

ಪಿಸ್ತೂಲು ದೊಡ್ಡವರಿಗೂ ಕೈಕೊಟ್ಟಿದೆ. 2021ರಲ್ಲಿ ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು. 575 ಅಂಕ, 12ನೇ ಸ್ಥಾನ. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದಳು. ನಮ್ಮ ನಾಡಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದರು. ಟಿ.ಎಸ್. ದಿವ್ಯಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ ತಂದರು. ಇಂಥವರ ಬೆನ್ನಿಗೆ ತರಬೇತುದಾರರಿರುತ್ತಾರೆ, ಪಿಸ್ತೂಲು ಬಲ್ಲವರಿರುತ್ತಾರೆ. ಮಸ್ಕಿಯ ಹುಡುಗನ ಬೆನ್ನಿಗೆ ಯಾರಿದ್ದಾರೆ? ಅದಕ್ಕೇ ಅವನು ಅರ ಹಿಡಿಯುವುದು.

ಬರೀ ಹುಡುಗನನ್ನು ಬೈದರೆ ಆಗದು. ಮೂರು ತಾಲೂಕಿನವರ ಕೈಗೆಟುಕುವಂತೆ ಒಂದು ಸುರಕ್ಷಿತ ಅಭ್ಯಾಸದ ಅಂಗಳ, ತಿಂಗಳಿಗೊಮ್ಮೆ ಬಂದು ಹೋಗುವ ಒಬ್ಬ ತಜ್ಞ, ತೂಗಲು ಒಂದು ಸರಿಯಾದ ತೂಕ. ಇಷ್ಟನ್ನು ಕ್ರೀಡಾ ಇಲಾಖೆ ಒದಗಿಸಲಿ. ಹಟ್ಟಿಯ ಚಿನ್ನ ತೂಗುವ ಸೀಮೆಗೆ ಅರ್ಧ ಕಿಲೋ ತೂಗಿ ಕೊಡುವುದು ಭಾರವೇ?