ನೆನೆಯದ ತಲೆ

ತಲೆ ಬೋಳಿಸಿಕೊಂಡ ಮೇಲೆ ನಕ್ಷತ್ರ ಕೇಳಿದರಂತೆ ಎಂಬ ಗಾದೆ ಇದೆ. ಈಗ ನಕ್ಷತ್ರ ಕೇಳುವವರು ಕಡಿಮೆ, ಯಾವ ಕ್ರೀಮು ಹಚ್ಚಬೇಕು ಎಂದು ಕೇಳುವವರೇ ಹೆಚ್ಚು. ತಿರುಪತಿಯಿಂದ ರಾತ್ರಿ ಹೊರಟ ಬಸ್ಸಿನಲ್ಲಿ ಇಂಥವರು ಇಬ್ಬರು ಮೂವರಾದರೂ ಇರುತ್ತಾರೆ. ಸೀಟಿನ ರೆಕ್ಸಿನ್ನಿಗೆ ತಲೆ ಆನಿಸಲಾಗದೆ ಮುಂದಕ್ಕೆ ಬಾಗಿ ಕೂತಿರುತ್ತಾರೆ. ಕಿವಿಯ ಹಿಂದೆ ಮತ್ತು ಹಿಂದಲೆಯಲ್ಲಿ ಕೆಂಪು ಗುಳ್ಳೆ ಎದ್ದಿರುತ್ತದೆ, ಬೆವರು ತಾಗಿದರೆ ಚುರ್ ಎನ್ನುತ್ತದೆ. ಕಾರಣ ಕೇಳಿದರೆ ಸಿಗುವ ಉತ್ತರಗಳು ಮೂರು: ಮೈಯಲ್ಲಿ ಉಷ್ಣ ಜಾಸ್ತಿ, ನೀರು ಬದಲಾಯಿತು, ಅವನ ಕೈ ಒರಟು.

ಮೂರರಲ್ಲೂ ಒಂದು ಎಳೆ ನಿಜವಿರಬಹುದು. ಆದರೆ ಬೋಳಿಸಿದ ತಲೆ ಉರಿಯುವುದಕ್ಕೆ ಹೆಚ್ಚಿನ ಸಲ ಕಾರಣ ಇಷ್ಟೇ: ಬ್ಲೇಡು ತಾಗುವ ಮೊದಲು ಕೊಡಬೇಕಾದ ಹೊತ್ತನ್ನು ಯಾರೂ ಕೊಟ್ಟಿರುವುದಿಲ್ಲ. ಬೋಳಿಸಿಕೊಳ್ಳುವವರು ಕೊಡುವುದಿಲ್ಲ, ಬೋಳಿಸುವವರಿಗೆ ಕೊಡಲು ಬಿಡುವುದೂ ಇಲ್ಲ. ಆ ಐದು ಹತ್ತು ನಿಮಿಷ ಉಳಿಸಿ, ಆಮೇಲೆ ಮೆಡಿಕಲ್ ಶಾಪಿನಲ್ಲಿ ಇನ್ನೂರು ರೂಪಾಯಿಯ ಟ್ಯೂಬು ಕೊಳ್ಳುವುದು ಜಾಣತನವಲ್ಲ.

ಕೂದಲು ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಆಗ ಅದನ್ನು ಕತ್ತರಿಸಲು ಬೇಕಾಗುವ ಒತ್ತಡ ಬಹಳ ಕಡಿಮೆ. ಉಗುರುಬೆಚ್ಚಗಿನ ನೀರಾದರೆ ಎರಡು ಮೂರು ನಿಮಿಷ ಸಾಕು, ತಣ್ಣೀರಾದರೆ ಇನ್ನಷ್ಟು ಹೊತ್ತು. ಆದರೆ ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಎರಡು ಚೊಂಬು ನೀರು ಸುರಿದರೆ ಅದು ಜಾರಿಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮೊದಲು ಶಾಂಪೂ ಹಾಕಿ ಜಿಡ್ಡು ಬಿಡಿಸಿ, ಆಮೇಲೆ ನೆನೆಸಬೇಕು. ಹೈದರಾಬಾದು, ಬೆಂಗಳೂರಿನಂಥ ಬೋರ್‌ವೆಲ್ ಊರುಗಳಲ್ಲಿ ಇನ್ನೊಂದು ತೊಡಕಿದೆ. ಗಡಸು ನೀರಿನ ಸುಣ್ಣದಂಶ ಸೋಪಿನೊಂದಿಗೆ ಸೇರಿ ಬಿಳಿ ಕೆನೆಯಂತೆ ಕೂರುತ್ತದೆ, ನೊರೆ ಬರುವುದಿಲ್ಲ. ನೊರೆಯಿಲ್ಲದ ಕಡೆ ಬ್ಲೇಡು ಜಾರುವುದಿಲ್ಲ, ಕೆರೆಯುತ್ತದೆ. ತಲೆಗೆ ಒಂದು ಚೊಂಬು ಫಿಲ್ಟರ್ ನೀರು ಖರ್ಚಾದರೆ ಮನೆಯವರು ಬೈಯಬಹುದು, ಚರ್ಮ ಬೈಯುವುದಿಲ್ಲ.

ನೆನೆಸದೆ ಬೋಳಿಸಿದರೆ ಕೆಡುವುದು ಚರ್ಮ ಮಾತ್ರವಲ್ಲ, ಬ್ಲೇಡೂ ಕೆಡುತ್ತದೆ. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದು. ಆದರೂ ಬ್ಲೇಡು ಮೊಂಡಾಗುವುದೇಕೆ ಎಂದು ಅಮೆರಿಕದ ಎಂಐಟಿಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ ಉತ್ತರ ಪ್ರಕಟಿಸಿದರು. ಬ್ಲೇಡಿನ ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ ಚಕ್ಕೆ ಏಳುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನಲ್ಲಿ ಮೊದಲೇ ಇರುವ ದುರ್ಬಲ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು ಕಿತ್ತುಹೋಗುತ್ತದೆ. ಒಂದು ಇಡೀ ತಲೆ ಬೋಳಿಸುವುದೆಂದರೆ ಇಂಥ ಸಾವಿರಾರು ತಾಕಲಾಟ. ಗಡ್ಡಕ್ಕೆ ವಾರವಿಡೀ ಬಳಸಿದ ಬ್ಲೇಡನ್ನೇ ಭಾನುವಾರ ತಲೆಗೂ ಎಳೆಯುವವರು ಅದನ್ನು ಉಳಿತಾಯ ಎಂದುಕೊಳ್ಳುತ್ತಾರೆ. ಎಳೆಯುತ್ತಿರುವುದು ಗರಗಸವನ್ನು.

ತಲೆ ಗಡ್ಡದಂತಲ್ಲ ಎನ್ನುವುದು ಮರೆತುಹೋಗುವ ಇನ್ನೊಂದು ಸಂಗತಿ. ಕೆನ್ನೆಯಲ್ಲಿ ಕೂದಲು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತದೆ. ನೆತ್ತಿಯಲ್ಲಿ ಸುಳಿ ಇದೆ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ಹೇಳುತ್ತಿದ್ದರು. ಮದುವೆಯ ಲೆಕ್ಕ ಹೇಗೋ ಏನೋ, ಕೂದಲು ಎತ್ತ ತಿರುಗಿ ಮಲಗಿದೆ ಎಂಬುದನ್ನು ಸುಳಿ ಖಂಡಿತ ಹೇಳುತ್ತದೆ. ಅದು ತೋರಿಸಿದ ದಿಕ್ಕಿಗೇ ಬ್ಲೇಡು ಹೋಗಬೇಕು. ಎದುರು ದಿಕ್ಕಿಗೆ ಎಳೆದರೆ ಕೈಗೆ ನುಣುಪು ಸಿಗುತ್ತದೆ. ಆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಗುಂಗುರು ಕೂದಲಾದರೆ ಆ ಚೂಪು ತುದಿ ಬೆಳೆಯುತ್ತಾ ಪಕ್ಕದ ಚರ್ಮವನ್ನೇ ಚುಚ್ಚಿ ಒಳಹೊಕ್ಕು ಗುಳ್ಳೆಯಾಗುತ್ತದೆ. ಮೂರು, ನಾಲ್ಕು, ಐದು ಬ್ಲೇಡುಗಳ ಕಾರ್ಟ್ರಿಜ್‌ಗಳು ಕೆಲಸ ಮಾಡುವುದೇ ಹೀಗೆ. ಮೊದಲ ಬ್ಲೇಡು ಕೂದಲನ್ನು ಮೇಲಕ್ಕೆ ಎಳೆಯುತ್ತದೆ, ಹಿಂದಿನದು ಕತ್ತರಿಸುತ್ತದೆ, ಉಳಿದ ತುದಿ ಒಳಕ್ಕೆ ಸರಿದುಕೊಳ್ಳುತ್ತದೆ. ಜಾಹೀರಾತು ಹೊಗಳುವ ಆ ನುಣುಪೇ ಗುಳ್ಳೆಯ ಬೀಜ. ಚರ್ಮ ಬೇಗ ಕೆರಳುವವರಿಗೆ ಒಂಟಿ ಬ್ಲೇಡು ವಾಸಿ, ಸೊನ್ನೆ ನಂಬರಿನ ಟ್ರಿಮ್ಮರ್ ಇನ್ನೂ ವಾಸಿ. ಅರ್ಧ ಮಿಲಿಮೀಟರ್ ಕೂದಲು ಉಳಿದರೆ ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಶಸ್ತ್ರವೈದ್ಯರು. ಆಪರೇಷನ್ನಿಗೆ ಮೊದಲು ಆ ಜಾಗವನ್ನು ಬ್ಲೇಡಿನಿಂದ ಬೋಳಿಸುವುದು ದಶಕಗಳ ಕಾಲ ನಡೆದುಬಂದ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಅದು ಬೇಡವೇ ಬೇಡ ಎಂದಿತು: ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ. ಎಷ್ಟೇ ಪಳಗಿದ ಕೈಯಾದರೂ ಬ್ಲೇಡು ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ, ರೋಗಾಣುಗಳು ಅಲ್ಲಿ ಮನೆ ಮಾಡುತ್ತವೆ. ಅಂದರೆ ಪ್ರತಿ ಬೋಳುತಲೆಯೂ ಒಂದು ಲೆಕ್ಕದಲ್ಲಿ ಗಾಯಗೊಂಡ ತಲೆ. ಗಾಯ ಎಷ್ಟು ಚಿಕ್ಕದಿರಬೇಕು ಎನ್ನುವುದಷ್ಟೇ ಕೈಯಲ್ಲಿರುವುದು.

ಮನೆಯ ಬಚ್ಚಲಲ್ಲಿ ಇದನ್ನೆಲ್ಲ ಪಾಲಿಸಬಹುದು. ಮುಡಿ ಕೊಡುವ ಜಾಗದಲ್ಲಿ?

ತಿರುಮಲದ ಕಲ್ಯಾಣಕಟ್ಟೆಯಲ್ಲಿ ಒಬ್ಬೊಬ್ಬರಿಗೂ ಹೊಸ ಬ್ಲೇಡಿನ ತುಂಡು ಬಳಸುತ್ತಾರೆ. ಇದು ಸಣ್ಣ ವಿಷಯವಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನವಾದರೂ ಬದುಕಿರಬಲ್ಲದು. ಬ್ಲೇಡು ಕಣ್ಣೆದುರಿಗೇ ಬದಲಾಗಬೇಕೆಂದು ಎಲ್ಲಿಯಾದರೂ ಕೇಳುವುದು ಅವಮರ್ಯಾದೆಯಲ್ಲ. ಆದರೆ ಹೊಸ ಬ್ಲೇಡು ಇದ್ದರೂ ಹೊತ್ತು ಇರುವುದಿಲ್ಲ. ಹಿಂದೆ ಸಾಲು ನಿಂತಿದೆ. ಉದ್ದ ಕೂದಲಿಗೆ ಹರಾಜಿನಲ್ಲಿ ಬೆಲೆ ಇರುವುದರಿಂದ ಮೊದಲು ಕತ್ತರಿಯಲ್ಲಿ ಗಿಡ್ಡ ಮಾಡಿಕೊಳ್ಳುವ ಹಾಗಿಲ್ಲ, ಜಡೆಯ ಭಾರವನ್ನೆಲ್ಲ ಬುಡದಲ್ಲೇ ಬ್ಲೇಡು ಹೊರಬೇಕು. ತಲೆಗಿಷ್ಟು ಎಂದು ಕೂಲಿ ಪಡೆಯುವ ಕ್ಷೌರಿಕರು ನಮ್ಮ ದೇವಸ್ಥಾನಗಳಲ್ಲಿ ಬೇಕಾದಷ್ಟಿದ್ದಾರೆ. ಹಾಗೆ ದುಡಿಯುವವರಿಗೆ ‘ಸ್ವಲ್ಪ ನೆನೆಯಲಿ’ ಎಂದು ಕಾಯುವುದು ಕೈಯಿಂದ ಹಣ ಕಳೆದುಕೊಂಡ ಹಾಗೆ. ಅವರ ಕೈ ಒರಟು ಎನ್ನುವವರು ಈ ಲೆಕ್ಕವನ್ನು ಮಾಡಿರುವುದಿಲ್ಲ. ಬೆಳಗಿನಿಂದ ಬಾಗಿ ಕೂತ ಸೊಂಟಕ್ಕೆ ಎಂಬತ್ತನೆಯ ತಲೆಯೂ ಮೊದಲನೆಯ ತಲೆಯಷ್ಟೇ ನಾಜೂಕಾಗಿ ಕಾಣಬೇಕೆಂದರೆ ಹೇಗೆ?

ನಂಜನಗೂಡಾಗಲಿ, ಮಹದೇಶ್ವರ ಬೆಟ್ಟವಾಗಲಿ, ಪಳನಿಯಾಗಲಿ, ಈ ಕೊರತೆಯನ್ನು ಭಕ್ತರೇ ತುಂಬಿಕೊಳ್ಳಬಹುದು. ಹಿಂದಿನ ದಿನ ಎಣ್ಣೆ ಹಚ್ಚದೆ ತಲೆ ತೊಳೆದುಕೊಂಡು, ಸರದಿ ಬರುವುದಕ್ಕೆ ಹತ್ತು ನಿಮಿಷ ಮೊದಲು ಕೂದಲನ್ನು ಚೆನ್ನಾಗಿ ನೆನೆಸಿ, ಒದ್ದೆ ಟವೆಲ್ ಸುತ್ತಿಕೊಂಡು ಸಾಲಿನಲ್ಲಿ ನಿಂತರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಸಾವಿನ ಮನೆಯ ಕ್ಷೌರ ಇನ್ನೂ ಕಷ್ಟದ್ದು. ಮುಂಬೈಯ ಬಾಣಗಂಗಾದ ಮೆಟ್ಟಿಲ ಮೇಲೆ ತಲೆ ಬಾಗಿಸಿ ಕೂತ ಮಗ ಉರಿಯುತ್ತದೆ ಎಂದು ಬಾಯಿಬಿಡುವುದಿಲ್ಲ. ಅಪ್ಪ ಹೋದ ದುಃಖದಲ್ಲಿ ಇದೊಂದು ದೂರೇ ಎಂಬ ಸಂಕೋಚ. ಪುರೋಹಿತರಿಗೆ ಮುಹೂರ್ತದ ಅವಸರ, ನೆಂಟರಿಗೆ ಊಟದ ಅವಸರ. ಅಂಥ ಹೊತ್ತಿನಲ್ಲಿ ಭಾವನೋ ಚಿಕ್ಕಪ್ಪನೋ ಒಬ್ಬರು ಒಂದು ಬಕೆಟ್ ಬಿಸಿನೀರಿನ ಏರ್ಪಾಟು ಮಾಡಿ, ‘ಐದು ನಿಮಿಷ ತಡೀರಿ’ ಎಂದು ಹೇಳಿದರೆ ಅದೂ ಆ ದಿನದ ಕರ್ಮದ ಭಾಗವೇ ಆಗುತ್ತದೆ.

ಕನ್ನಡದಲ್ಲಿ ಕ್ಷೌರಿಕನ ಚೀಲಕ್ಕೆ ಹಡಪ ಎಂದು ಹೆಸರು. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರ ಹೆಸರಿನಲ್ಲಿರುವುದೂ ಇದೇ ಪದ, ಅಲ್ಲಿ ಅದು ತಾಂಬೂಲದ ಚೀಲ. ಆ ಹಡಪದೊಳಗೆ ಕತ್ತಿಯ ಜತೆ ಸಾಣೆಕಲ್ಲು, ಚರ್ಮದ ಪಟ್ಟಿ, ನೀರಿನ ಬಟ್ಟಲು, ಪಟಿಕದ ಗಡ್ಡೆ ಇರುತ್ತಿದ್ದವು. ಬಟ್ಟಲಿನ ನೀರನ್ನು ಅಂಗೈಯಲ್ಲಿ ತೆಗೆದು ತಲೆಗೆ ತಿಕ್ಕುತ್ತಾ ಊರಿನ ಸುದ್ದಿ ಹೇಳುತ್ತಿದ್ದ ಹೊತ್ತು ಬರೀ ಹರಟೆಯದಲ್ಲ. ಹರಟೆ ಮುಗಿಯುವಷ್ಟರಲ್ಲಿ ಕೂದಲು ನೆನೆದಿರುತ್ತಿತ್ತು. ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು, ಕತ್ತಿಯನ್ನು ಓರೆಯಾಗಿಟ್ಟು, ಒಂದು ಜಾಗಕ್ಕೆ ಒಂದೇ ಸಲ ಎಳೆಯುವ ಆ ಕೈಚಳಕವನ್ನೇ ಇಂದು ವಿಡಿಯೋಗಳು ಐದು ಸೂತ್ರ, ಏಳು ಸೂತ್ರ ಎಂದು ಮಾರುತ್ತಿವೆ. ಆ ಕೈಯನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ. ‘ಹಜಾಮ’ ಎಂಬ ಪದದ ಕತೆಯೇ ಅದಕ್ಕೆ ಸಾಕ್ಷಿ. ಅರಬ್ಬಿಯಲ್ಲಿ ಅದು ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆದು ಚಿಕಿತ್ಸೆ ಮಾಡುವವನ ಹೆಸರು, ವೈದ್ಯಕ್ಕೆ ಸೇರಿದ ಪದ. ಕನ್ನಡಕ್ಕೆ ಬಂದು ಬೈಗುಳವಾಯಿತು. ಬೆಳಿಗ್ಗೆ ಕುತ್ತಿಗೆಯನ್ನೇ ಒಪ್ಪಿಸಿ ಕೂತವರು ಸಂಜೆ ಜಗಳದಲ್ಲಿ ಅದೇ ಪದವನ್ನು ಎಸೆಯುತ್ತಾರೆ. ಬೈಗುಳವಾದ ಕಸುಬಿನ ಹತ್ತಿರ ಕಲಿಯಲು ಯಾರು ಹೋಗುತ್ತಾರೆ? ಹಾಗಾಗಿ ಮಗ ಡಿಪ್ಲೊಮಾ ಓದಿದ, ಹಡಪ ಅಟ್ಟ ಸೇರಿತು. ಅವನನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಚರ್ಚೆಗೆ ಜಾಗವೇ ಇರಬಾರದು. ಮೈಸೂರು ಕಡೆ ಚೌಲ, ಹುಬ್ಬಳ್ಳಿ ಕಡೆ ಜವಳ, ಹೆಸರು ಯಾವುದಾದರೂ ಅಳುವ ಮಗು ಒಂದೇ. ಮಗುವಿನ ಚರ್ಮ ತೆಳು, ತಲೆ ಒಂದು ಕ್ಷಣ ನಿಲ್ಲುವುದಿಲ್ಲ, ನಾಲ್ವರು ಹಿಡಿದಷ್ಟೂ ಕೊಸರುತ್ತದೆ. ನೆತ್ತಿಯ ಮುಂಭಾಗದ ಮೆತ್ತನೆ ಜಾಗ ಪೂರ್ತಿ ಮುಚ್ಚಲು ಸಾಮಾನ್ಯವಾಗಿ ಒಂದೂವರೆ ವರ್ಷ ಬೇಕು. ಅಲ್ಲಿ ಬ್ಲೇಡಿಗೆ ಏನು ಕೆಲಸ? ಶಾಸ್ತ್ರಕ್ಕೆ ಒಂದೆಳೆ ಕತ್ತರಿಸಿ, ಉಳಿದದ್ದನ್ನು ಟ್ರಿಮ್ಮರಿನಲ್ಲಿ ತೆಗೆದರೆ ದೇವರು ಮುನಿಯುವುದಿಲ್ಲ. ‘ಬ್ಲೇಡಿನಲ್ಲಿ ತೆಗೆದರೆ ಕೂದಲು ದಟ್ಟವಾಗಿ ಬರುತ್ತದೆ’ ಎನ್ನುವ ಅತ್ತೆಯವರಿಗೆ ಕೊಡಲು ಹಳೆಯ ಉತ್ತರವೊಂದಿದೆ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಕೆಲವು ಗಂಡಸರ ಗಡ್ಡ ಬೋಳಿಸಿ, ಕೂದಲಿನ ದಪ್ಪ, ಬಣ್ಣ, ಬೆಳೆಯುವ ವೇಗ ಯಾವುದೂ ಬದಲಾಗುವುದಿಲ್ಲ ಎಂದು 1928ರಲ್ಲೇ ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ.

ಬ್ಲೇಡು ತಾಗಲೇಬಾರದ ಇನ್ನೊಂದು ತಲೆ ಇದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರುವುದನ್ನು ನೋಡಲಾಗದೆ ಮೊದಲೇ ಬೋಳಿಸಿಕೊಳ್ಳುವವರು ಇದ್ದಾರೆ. ಕೀಮೋದಿಂದ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುವಾಗ ಚಿಕ್ಕ ಗೀರೂ ಸೋಂಕಾಗಬಹುದು, ರಕ್ತ ನಿಲ್ಲದಿರಬಹುದು. ಅವರಿಗೆ ಎಲೆಕ್ಟ್ರಿಕ್ ಟ್ರಿಮ್ಮರ್ ಮಾತ್ರ. ಊರು ಬಿಟ್ಟು ಆಸ್ಪತ್ರೆಯ ಹತ್ತಿರ ರೂಮು ಮಾಡಿಕೊಂಡಿರುವವರಿಗೆ ಇದನ್ನು ಕನ್ನಡದಲ್ಲಿ ಹೇಳುವವರು ಎಷ್ಟೋ ಸಲ ಯಾರೂ ಇರುವುದಿಲ್ಲ.

ಬೋಳಿಸಿದ ಮೇಲಿನ ಆರೈಕೆ ಹೇಳುವಷ್ಟು ದೊಡ್ಡದಲ್ಲ. ತಣ್ಣೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿದರೆ ಸಾಕು. ಪಟಿಕ ಗೀರಿನ ರಕ್ತ ನಿಲ್ಲಿಸುತ್ತದೆ, ಇಡೀ ತಲೆಗೆ ಉಜ್ಜಿದರೆ ಚರ್ಮ ಒಣಗಿಸುತ್ತದೆ. ಸ್ಪಿರಿಟ್ ಇರುವ ಲೋಷನ್ನು ಸುಡುವುದು ಕೆಲಸ ಮಾಡುತ್ತಿರುವ ಗುರುತಲ್ಲ. ಮನೆಯಲ್ಲಿ ತೇಯ್ದ ಗಂಧ ತಂಪು, ಆದರೆ ಬೀದಿಯಲ್ಲಿ ಬಳಿಯುವ ಹಳದಿ ಲೇಪದಲ್ಲಿ ಗಂಧವೇ ಇದೆಯೇ, ಬರೀ ಬಣ್ಣ ಮತ್ತು ಸೆಂಟೇ ಎಂದು ಹೇಳಲಾಗದು. ಗುಳ್ಳೆ ಕಂಡ ಕೂಡಲೇ ಹುಳುಕಡ್ಡಿಯ ಟ್ಯೂಬು ತಂದು ಹಚ್ಚುವುದಂತೂ ಕೆಟ್ಟ ಅಭ್ಯಾಸ. ಅವುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಕೆಂಪು ಎರಡು ದಿನ ಅಡಗಿ ಸೋಂಕು ಒಳಗೇ ಹಬ್ಬುತ್ತದೆ. ಕೀವು ಕಟ್ಟಿದರೆ, ಹಿಂದಲೆಯ ಗುಳ್ಳೆಗಳು ಗಟ್ಟಿ ಗಂಟಾಗತೊಡಗಿದರೆ ಚರ್ಮವೈದ್ಯರ ಹತ್ತಿರ ಹೋಗಬೇಕು, ಅಂಥವರು ಆ ಜಾಗಕ್ಕೆ ಮತ್ತೆ ಬ್ಲೇಡು ತಾಗಿಸಬಾರದು. ಇಷ್ಟು ವರ್ಷ ನೆರಳಲ್ಲಿದ್ದ ನೆತ್ತಿ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಸುಡುತ್ತದೆ, ಹತ್ತಿಯ ಟೋಪಿ ಬೇಕು. ಪುಣೆಯಲ್ಲಿ ಸ್ಕೂಟರ್ ಓಡಿಸುವವರು ಹೆಲ್ಮೆಟ್ಟಿನ ಒಳಗೆ ದಿನವೂ ಒಗೆದ ಹತ್ತಿ ಬಟ್ಟೆ ಕಟ್ಟಿಕೊಳ್ಳಲಿ. ಆ ಸ್ಪಂಜಿನಲ್ಲಿ ಎಷ್ಟು ತಿಂಗಳ ಬೆವರಿದೆಯೋ.

ಪರವೂರಿನ ಸಲೂನಿನಲ್ಲಿ ಇಷ್ಟನ್ನೆಲ್ಲ ವಿವರಿಸುವಷ್ಟು ಭಾಷೆ ಎಲ್ಲರಿಗೂ ಇರುವುದಿಲ್ಲ, ಬೇಕಾಗುವುದೂ ಇಲ್ಲ. ಬೋಳಿಸುವುದಕ್ಕೆ ಚೆನ್ನೈಯಲ್ಲಿ ಮೊಟ್ಟೈ ಎಂದರೆ ಸಾಕು, ಹೈದರಾಬಾದಿನಲ್ಲಿ ಗುಂಡು. ಮುಂಬೈ, ದೆಹಲಿಯ ಕುರ್ಚಿಗಳಲ್ಲಿ ಮೊದಲು ಸೀದಾ, ಆಮೇಲೆ ಉಲ್ಟಾ ಎಂಬ ಎರಡು ಸುತ್ತು ರೂಢಿ, ಎರಡನೆಯದನ್ನು ಕೇಳದಿದ್ದರೂ ಮಾಡುತ್ತಾರೆ, ಒಳ್ಳೆಯ ಕೆಲಸವೆಂದು ನಂಬಿಯೇ ಮಾಡುತ್ತಾರೆ. ‘ಉಲ್ಟಾ ಮತ್ ಮಾರೋ, ಭಾಯಿ, ಆರಾಮ್ ಸೆ’ ಎಂದು ಹೇಳಿ, ಎರಡು ಸುತ್ತಿನ ಹಣ ಕೊಟ್ಟು ಬಂದರೆ ಮುಂದಿನ ಸಲ ಅವನೇ ನೀರು ಬಿಸಿಮಾಡಿ ಕೂರಿಸುತ್ತಾನೆ.